ನೋಟಿಸ್ ಕೊಡದೆ ಬಾಗಿಲು ಹಾಕುವ ಫೋನುಗಳು

ಪುಣೆಯ ಯಾವ ಬಸ್ಸನ್ನಾದರೂ ಹತ್ತಿ ನೋಡಿ. ಸೀಟು ಸಿಕ್ಕ ಕೂಡಲೇ ಜನ ಮಾಡುವ ಮೊದಲ ಕೆಲಸ ಏನು ಗೊತ್ತಾ? ಫೋನು ತೆಗೆದು, ತೆರೆದಿಟ್ಟ ಆ್ಯಪ್‌ಗಳ ಸಾಲನ್ನು ಪರದೆಯ ಮೇಲೆ ತಂದುಕೊಂಡು, ಹೆಬ್ಬೆರಳಿನಿಂದ ಒಂದೊಂದನ್ನೇ ಆಚೆ ತಳ್ಳುವುದು. ವಾಟ್ಸ್‌ಆ್ಯಪ್ ಹೋಯಿತು, ಮ್ಯಾಪು ಹೋಯಿತು, ಬ್ಯಾಂಕಿನದು ಹೋಯಿತು... ನೊಣ ಹೊಡೆಯುವಷ್ಟೇ ಶ್ರದ್ಧೆ! ಯಾಕ್ರೀ ಅಂತ ಕೇಳಿದರೆ "ಬ್ಯಾಟರಿ ಉಳೀತದ್ರೀ" ಅನ್ನುತ್ತಾರೆ. ಮರಾಠಿಯವರು, ಕನ್ನಡದವರು, ಬಿಹಾರದವರು ಅಂತ ಭೇದವೇ ಇಲ್ಲ. ಈ ಒಂದು ವಿಷಯದಲ್ಲಿ ಇಡೀ ದೇಶ ಒಂದಾಗಿದೆ ನೋಡಿ.

ಈ ಚಟದ ಬಗ್ಗೆ ನನಗೆ ತಕರಾರಿದೆ. ಆದರೆ ಅದು ಸಣ್ಣ ತಕರಾರು. ದೊಡ್ಡ ತಕರಾರು ಇರುವುದು ಫೋನು ಮಾಡುವವರ ಮೇಲೆ. ನಾವು ಹೆಬ್ಬೆರಳಿನಿಂದ ಕಣ್ಣೆದುರಿಗೆ ಮಾಡುವ ಈ ಕೆಲಸವನ್ನೇ ಫೋನು ನಮ್ಮ ಬೆನ್ನ ಹಿಂದೆ, ಹೇಳದೆ ಕೇಳದೆ, ಹಗಲೂ ರಾತ್ರಿ ಮಾಡುತ್ತಿರುತ್ತದೆ. ಯಾವುದನ್ನು ಮುಚ್ಚಿತು, ಯಾವಾಗ ಮುಚ್ಚಿತು, ಯಾಕೆ ಮುಚ್ಚಿತು ಅಂತ ದುಡ್ಡು ಕೊಟ್ಟು ಕೊಂಡ ಮಾಲೀಕನಿಗೆ ಗೊತ್ತಾಗುವುದಿಲ್ಲ. ಮುಚ್ಚಬೇಡಿ ಅಂತ ನಾನು ಹೇಳುತ್ತಿಲ್ಲ. ಮುಚ್ಚುವ ಮುಂಚೆ ತಿಳಿಸಿ, ಮುಚ್ಚಿದ ಮೇಲೆ ಲೆಕ್ಕ ತೋರಿಸಿ... ಇಷ್ಟೇ ನನ್ನ ವಾದ.

ನಾನು ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನ ನೌಕರಿ. ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಹಿಂಜವಡಿಯ ಕಂಪನಿಗಳಲ್ಲಿ ಇರುವ ನಮ್ಮ ಹುಡುಗರ ಹಾಗೆ ನನಗೆ ಕೋಡು ಬರೆಯಲು ಬರುವುದಿಲ್ಲ. ಆದರೆ ಖಾತೆ, ವಹಿ, ನೋಟಿಸು ಇವು ನನಗೆ ಗೊತ್ತು. ಈ ವಿಷಯಕ್ಕೆ ಅಷ್ಟು ಸಾಕು ಅಂತ ಓದುತ್ತಾ ಹೋದರೆ ನಿಮಗೂ ಅನ್ನಿಸುತ್ತದೆ.

*

ಮೊದಲು ಫೋನಿನೊಳಗೆ ಏನು ನಡೆಯುತ್ತದೆ ಅಂತ ನೋಡೋಣ. ನಮ್ಮ ಬ್ಯಾಂಕಿನ ಶಾಖೆಯನ್ನೇ ಕಣ್ಣ ಮುಂದೆ ಇಟ್ಟುಕೊಳ್ಳಿ.

ಕೌಂಟರಿನ ಮುಂದೆ ನಿಂತ ಗಿರಾಕಿಯ ಕೆಲಸ ಎಲ್ಲಕ್ಕಿಂತ ಮೊದಲು. ಫೋನಿನಲ್ಲಿ ಈಗ ಪರದೆಯ ಮೇಲೆ ನಿಮ್ಮ ಕಣ್ಣಿಗೆ ಕಾಣುತ್ತಿರುವ ಆ್ಯಪ್ ಅದೇ. ಅದನ್ನು ಫೋನು ಮುಟ್ಟುವುದಿಲ್ಲ, ಪ್ರಾಣಕ್ಕೆ ಬಂದರೆ ಮಾತ್ರ ಮುಟ್ಟುತ್ತದೆ. ಒಳಗಿನ ಕೋಣೆಯಲ್ಲಿ ಚೆಕ್ಕು ಕ್ಲಿಯರಿಂಗ್ ನಡೆದಿರುತ್ತದಲ್ಲ, ಗಿರಾಕಿಗೆ ಕಾಣುವುದಿಲ್ಲ, ಆದರೆ ನಿಲ್ಲಿಸುವ ಹಾಗೂ ಇಲ್ಲ. ಹಾಡು ನುಡಿಸುವ ಆ್ಯಪ್, ದಾರಿ ತೋರಿಸುವ ಆ್ಯಪ್ ಈ ಜಾತಿಯವು. ಮೂರನೆಯದು, ಕೆಲಸ ಮುಗಿದು ಮೇಜಿನ ಮೇಲೆ ಬಿದ್ದಿರುವ ಫೈಲು. ಗಿರಾಕಿ ಮತ್ತೆ ಬಂದರೆ ಕೈಗೆ ಸಿಗಲಿ ಅಂತ ಇಟ್ಟಿರುತ್ತೇವೆ. ನೀವು ನೋಡಿ ಬಿಟ್ಟ ಆ್ಯಪ್‌ಗಳಲ್ಲಿ ಹೆಚ್ಚಿನವು ಹೀಗೆ ಫೋನಿನ ನೆನಪಿನಲ್ಲಿ, ಅಂದರೆ ರ‍್ಯಾಮ್‌ನಲ್ಲಿ, ಸುಮ್ಮನೆ ಬಿದ್ದಿರುತ್ತವೆ. ಮೇಜು ತುಂಬಿತು ಅಂದಾಗ ಬಹಳ ಹೊತ್ತು ಯಾರೂ ಮುಟ್ಟದ ಫೈಲು ಮೊದಲು ರೆಕಾರ್ಡ್ ರೂಮಿಗೆ ಹೋಗುತ್ತದೆ. ಆಂಡ್ರಾಯ್ಡ್ ಆಗಲಿ ಐಫೋನ್ ಆಗಲಿ, ಮೂಲದಲ್ಲಿ ಮಾಡುವುದು ಇದನ್ನೇ.

ಮೇಜಿನ ಮೇಲೆ ಮುಚ್ಚಿಟ್ಟ ಫೈಲು ಕರೆಂಟು ತಿನ್ನುತ್ತದೆಯೇ? ತಿನ್ನುವುದಿಲ್ಲ. ಇತ್ತೀಚಿನ ಆಂಡ್ರಾಯ್ಡ್‌ಗಳಲ್ಲಿ ಹೀಗೆ ಬಿದ್ದ ಆ್ಯಪ್ ಒಂದಿಷ್ಟೂ ಕೆಲಸ ಮಾಡದ ಹಾಗೆ ಹೆಪ್ಪುಗಟ್ಟಿಸಿ ಇಡುತ್ತಾರೆ. ಐಫೋನಿನಲ್ಲಿ ಇದಕ್ಕೆ ಸಸ್ಪೆಂಡ್ ಅಂತಾರೆ (ನಮ್ಮ ಬ್ಯಾಂಕಿನ ಸಸ್ಪೆನ್ಷನ್ ಅಲ್ಲ, ಗಾಬರಿಯಾಗಬೇಡಿ!). ಅಂಥದ್ದನ್ನು ಹೆಬ್ಬೆರಳಿನಿಂದ ತಳ್ಳಿದರೆ ಏನು ಉಳಿಯಿತು? ಹತ್ತು ನಿಮಿಷಕ್ಕೆ ಅದನ್ನೇ ಮತ್ತೆ ತೆರೆದಾಗ ಫೋನು ಎಲ್ಲವನ್ನೂ ಮೊದಲಿನಿಂದ ಓದಿ ಕಟ್ಟಬೇಕು. ರೆಕಾರ್ಡ್ ರೂಮಿಗೆ ಹತ್ತು ಸಲ ಓಡಾಡಿದ ಪ್ಯೂನಿನ ಕಾಲಿನ ಹಾಗೆ ಬ್ಯಾಟರಿ ಸವೆಯುವುದು ಅಲ್ಲಿ. 2016ರಲ್ಲಿ ಒಬ್ಬ ಬಳಕೆದಾರ ಆ್ಯಪಲ್‌ಗೆ ಪತ್ರ ಬರೆದು, ಬ್ಯಾಟರಿ ಉಳಿಸಲು ಆ್ಯಪ್‌ಗಳನ್ನು ಹೀಗೆ ಮುಚ್ಚಬೇಕೇ ಅಂತ ಕೇಳಿದ್ದ. ಅಲ್ಲಿನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ ಬೇಕಿಲ್ಲ ಅಂತ ಉತ್ತರ ಕೊಟ್ಟರು. ಅದಾಗಿ ಇಷ್ಟು ವರ್ಷವಾದರೂ ಸುದ್ದಿ ನಮ್ಮ ಬಸ್ಸುಗಳಿಗೆ ಮುಟ್ಟಿಲ್ಲ.

ಇನ್ನೊಂದು ಮಾತು. ಸಿಕ್ಕಿಕೊಂಡು ಮುಂದೆ ಹೋಗದ ಆ್ಯಪ್ ಇದ್ದರೆ ತಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಐಫೋನಿನಲ್ಲಿ ತಳ್ಳಿದ ಆ್ಯಪ್ ಅನ್ನು ನೀವೇ ಮತ್ತೆ ತೆರೆಯುವವರೆಗೆ ಅದು ಹೊಸ ಮಾಹಿತಿ ತರಲು ಹಿನ್ನೆಲೆಯಲ್ಲಿ ತಾನಾಗಿ ಏಳುವುದಿಲ್ಲ. ಆಂಡ್ರಾಯ್ಡ್‌ನಲ್ಲೂ ಕೆಲವು ಕಂಪನಿಗಳ ಫೋನುಗಳು ಹೆಬ್ಬೆರಳಿನ ಈ ತಳ್ಳುವಿಕೆಯನ್ನೇ "ಪೂರ್ತಿ ನಿಲ್ಲಿಸು" ಅಂತ ಅರ್ಥ ಮಾಡಿಕೊಳ್ಳುತ್ತವೆ. ಹಾಗೆ ಪೂರ್ತಿ ನಿಲ್ಲಿಸಿದ ಆ್ಯಪ್‌ಗೆ ಹೊರಗಿನಿಂದ ಕಳಿಸಿದ ಸಂದೇಶವೂ ತಲುಪುವುದಿಲ್ಲ. ಆಮೇಲೆ "ಮೆಸೇಜ್ ಬರಲೇ ಇಲ್ಲ" ಅಂತ ಊರಿನವರ ಮೇಲೆ ಸಿಟ್ಟಾಗುವುದು!

*

ಈಗ ದೊಡ್ಡ ತಕರಾರಿಗೆ ಬರೋಣ.

ನಮ್ಮ ಕೌಂಟರಿಗೆ ಒಬ್ಬ ಅಜ್ಜ ಬರುತ್ತಾರೆ, ಸೋಲಾಪುರದ ಕಡೆಯವರು, ಮನೆಮಾತು ಕನ್ನಡ. ಫೋನಿನಲ್ಲಿ ಯಾವುದೋ ಫಾರಂ ತುಂಬುತ್ತಾ ಇದ್ದರು. ಹೆಸರು, ವಿಳಾಸ, ನಾಮಿನಿ, ಪಾನ್ ನಂಬರು, ಎಲ್ಲ ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದರು. ಓಟಿಪಿ ಬಂತು. ನೋಡಲು ಮೆಸೇಜಿಗೆ ಹೋದರು, ಕನ್ನಡಕ ಹಾಕಿಕೊಂಡು ಆರು ಅಂಕಿ ಚೀಟಿಯ ಮೇಲೆ ಬರೆದುಕೊಂಡು ತಿರುಗಿ ಬಂದರು... ಫಾರಂ ಖಾಲಿ! ಮೊದಲಿನಿಂದ ಹೆಸರು ಬರೆಯಿರಿ ಅನ್ನುತ್ತಿದೆ. "ಸಾಹೇಬ್ರ, ನಾ ಏನ್ ತಪ್ಪ ಮಾಡಿದೆ?" ಅಂದರು. ಅವರು ಏನೂ ತಪ್ಪು ಮಾಡಿಲ್ಲ. ಅಗ್ಗದ ಫೋನು, ಚಿಕ್ಕ ಮೇಜು. ಮೆಸೇಜ್ ನೋಡಲು ಹೋದ ಆ ಒಂದು ನಿಮಿಷದಲ್ಲಿ ಫೋನು ಜಾಗ ಸಾಲದೆ ಇವರ ಫೈಲನ್ನು ಎತ್ತಿಹಾಕಿದೆ.

ಇದಕ್ಕೆ ಮದ್ದಿಲ್ಲವೇ? ಇದೆ. ಆಂಡ್ರಾಯ್ಡ್‌ನಲ್ಲಿ ಮೊದಲಿನಿಂದಲೂ ಇದೆ. ಗಿರಾಕಿ ಕೌಂಟರು ಬಿಟ್ಟು ಹೊರಟಾಗ ಫೋನು ಆ್ಯಪ್‌ಗೆ "ನಿನ್ನ ಗಿರಾಕಿ ಹೋಗುತ್ತಿದ್ದಾನೆ, ಎಲ್ಲಿಗೆ ಬಂದಿತ್ತು ಕೆಲಸ ಅಂತ ಒಂದು ಚೀಟಿ ಬರೆದಿಟ್ಟುಕೋ" ಅಂತ ಹೇಳುತ್ತದೆ. ಚೀಟಿ ಬರೆದಿಟ್ಟಿದ್ದರೆ ಫೈಲು ಹೋದರೂ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. ಗುಪ್ತ ಸಂಖ್ಯೆಗಳನ್ನು ಬರೆದಿಡಬಾರದು ಸರಿ, ಹೆಸರು ವಿಳಾಸಕ್ಕೆ ಏನಾಗಿತ್ತು? ಹೊಸ ಫೋನು ಹಿಡಿದು ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಆ್ಯಪ್ ಬರೆಯುವ ಹುಡುಗನ ಮೇಜು ದೊಡ್ಡದು, ಅವನ ಫೈಲು ಎಂದೂ ಕೆಳಗೆ ಬೀಳುವುದಿಲ್ಲ. ಅಜ್ಜನ ಫೋನು ಅವನ ಲೆಕ್ಕಕ್ಕೇ ಇಲ್ಲ.

ನನ್ನ ತಂಗಿಯ ಮಗ ಇದೇ ಕೆಲಸದಲ್ಲಿದ್ದಾನೆ. ಅವನಿಗೆ ಇದನ್ನು ಹೇಳಿ ಬೈದೆ. ಅವನು ಕೈ ಮುಗಿದು, "ಮಾಮಾ, ಅರ್ಧ ತಪ್ಪು ನಮ್ದು ಖರೆ. ಆದ್ರ ಇನ್ನರ್ಧ ಕೇಳ್ರಿ. ಗೂಗಲ್‌ನವ್ರು ಒಂದು ನಿಯಮ ಬರೀತಾರ, ಅದನ್ನ ಓದಿ ನಾವು ಆ್ಯಪ್ ಮಾಡ್ತೀವಿ. ಫೋನ್ ಕಂಪನಿಯವ್ರು ಅದರ ಮ್ಯಾಲೆ ತಮ್ಮದೊಂದು ಬ್ಯಾಟರಿ ಉಳಿಸೋ ಕತ್ತರಿ ಇಡ್ತಾರ. ಹತ್ತು ಕಂಪನಿಗೆ ಹತ್ತು ನಮೂನಿ ಕತ್ತರಿ. ಯಾವುದು ಎಲ್ಲಿ ಕತ್ತರಿಸ್ತದ ಅಂತ ಬರೆದು ಸೈತ ಕೊಟ್ಟಿರೂದಿಲ್ಲ" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ನಿದ್ರೆಯ ಲೆಕ್ಕ ಇಡುವ ಆ್ಯಪ್ ಒಂದನ್ನು ಮಾಡಿದ ಅರ್ಬಾಂಡ್ರಾಯ್ಡ್ ಎಂಬ ಚಿಕ್ಕ ತಂಡ ಇದರಿಂದ ರೋಸಿಹೋಗಿ, "ಡೋಂಟ್ ಕಿಲ್ ಮೈ ಆ್ಯಪ್" ಅಂತ ಒಂದು ಜಾಲತಾಣವನ್ನೇ ಶುರು ಮಾಡಿತು. ಯಾವ ಕಂಪನಿಯ ಫೋನು ಎಷ್ಟು ನಿರ್ದಯವಾಗಿ ಆ್ಯಪ್‌ಗಳನ್ನು ಕೊಲ್ಲುತ್ತದೆ ಅಂತ ಅಲ್ಲಿ ಶ್ರೇಯಾಂಕವಿದೆ, ತಪ್ಪಿಸಿಕೊಳ್ಳುವ ದಾರಿಯೂ ಇದೆ. ಇಂಥ ಜಾಲತಾಣ ಒಂದು ಹುಟ್ಟಬೇಕಾಯಿತು ಅನ್ನುವುದೇ ನಾಚಿಕೆಯ ಸಂಗತಿ. ಇನ್ನೂ ಮಜಾ ಅಂದರೆ, ಕೆಲವು ತಯಾರಕರು ಕೋಟಿಗಟ್ಟಲೆ ಜನ ಬಳಸುವ ಹೆಸರಾಂತ ಆ್ಯಪ್‌ಗಳಿಗೆ ಮೊದಲೇ ವಿನಾಯಿತಿ ಕೊಟ್ಟಿರುತ್ತಾರೆ. ಅವು ಸತ್ತರೆ ಜನ ಫೋನನ್ನೇ ಬೈಯುತ್ತಾರಲ್ಲ! ಸಣ್ಣವರು ಮಾಡಿದ ಮಾತ್ರೆ ನೆನಪಿಸುವ ಆ್ಯಪ್ ಸತ್ತರೆ ಜನ ಆ ಆ್ಯಪ್ ಅನ್ನು ಬೈದು ತೆಗೆದುಹಾಕುತ್ತಾರೆ. ದೊಡ್ಡ ಗಿರಾಕಿಗೆ ಕುರ್ಚಿ, ಸಣ್ಣ ಗಿರಾಕಿಗೆ ಬಾಗಿಲು.

*

"ಒಂದು ಫಾರಂ ಹೋಯಿತು, ಇನ್ನೊಮ್ಮೆ ತುಂಬಿದರಾಯಿತು, ಇದಕ್ಕೆ ಇಷ್ಟು ಕೂಗಾಟವೇ?" ಅಂತ ಕೇಳುವವರು ಇದ್ದಾರೆ. ಅವರಿಗಾಗಿ ಪುಣೆಯದೇ ಒಂದು ಉದಾಹರಣೆ ಕೊಡುತ್ತೇನೆ.

ಪುಣೆ ಹವಾಮಾನದವರ ಊರು. ಭಾರತೀಯ ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದಿತ್ತು. ಆಮೇಲೆ ಅದು ದೆಹಲಿಗೆ ಹೋದರೂ ಶಿವಾಜಿನಗರದ ಆ ಕಟ್ಟಡವನ್ನು ಇಲ್ಲಿಯವರು ಸಿಮ್ಲಾ ಆಫೀಸ್ ಅಂತಲೇ ಕರೆಯುತ್ತಾರೆ. ಅಲ್ಲಿಂದ ಪಾಷಾಣದ ಕಡೆ ಹೋದರೆ ಭಾರತೀಯ ಉಷ್ಣವಲಯದ ಹವಾಮಾನ ಸಂಸ್ಥೆ, ಐಐಟಿಎಂ. ಈ ಸಂಸ್ಥೆಯವರು "ದಾಮಿನಿ" ಎಂಬ ಆ್ಯಪ್ ಮಾಡಿದ್ದಾರೆ. ದೇಶದ ಬೇರೆ ಬೇರೆ ಕಡೆ ನೆಟ್ಟ ಸಂವೇದಕಗಳು ಸಿಡಿಲನ್ನು ಗುರುತಿಸುತ್ತವೆ. ನೀವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಿಡಿಲಿನ ಅಪಾಯವಿದ್ದರೆ ದಾಮಿನಿ ನಿಮ್ಮ ಫೋನಿಗೆ ಎಚ್ಚರಿಕೆ ಕೊಡುತ್ತದೆ. ನಮ್ಮ ಕರ್ನಾಟಕದಲ್ಲೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು "ಸಿಡಿಲು" ಅಂತಲೇ ಹೆಸರಿಟ್ಟು ಒಂದು ಆ್ಯಪ್ ತಂದರು. ಇದು ಚಿಲ್ಲರೆ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಹೊಲದಲ್ಲಿ ದುಡಿಯುವವರು, ಕುರಿ ಮೇಯಿಸುವವರು, ಮಳೆ ಬಂತು ಅಂತ ಮರದ ಕೆಳಗೆ ನಿಂತವರು... ನಮ್ಮವರೇ.

ಈಗ ನಮ್ಮಂಥ ವಲಸೆ ಬಂದವರು ಏನು ಮಾಡುತ್ತೇವೆ? ದೀಪಾವಳಿಗೆ ಊರಿಗೆ ಹೋಗುತ್ತೇವೆ. ಕಾಕಾನ ಫೋನಿನಲ್ಲಿ, ತಮ್ಮನ ಫೋನಿನಲ್ಲಿ ದಾಮಿನಿ ಹಾಕಿ, ಲೊಕೇಶನ್ನಿಗೆ ಅನುಮತಿ ಒತ್ತಿ, "ಸಿಡಿಲು ಬರೂ ಮುಂಚೆ ಇದು ಹೇಳ್ತದ ನೋಡ್ರಿ" ಅಂತ ಹೇಳಿಕೊಟ್ಟು, ಸ್ವಾರಗೇಟಿನ ಬಸ್ಸು ಹತ್ತಿ ವಾಪಸ್ ಬರುತ್ತೇವೆ. ಮನಸ್ಸಿಗೆ ಒಂದು ನೆಮ್ಮದಿ. ಊರಿನಲ್ಲಿ ಇರಲು ಆಗಲಿಲ್ಲ, ಇಷ್ಟಾದರೂ ಮಾಡಿಬಂದೆವಲ್ಲ ಅಂತ.

ಆಮೇಲೆ ಏನಾಗುತ್ತದೆ? ಸ್ವಾತಿ ಮಳೆ ಮುಗಿದ ಮೇಲೆ ನಮ್ಮ ಕಡೆ ಗುಡುಗು ಸಿಡಿಲು ಅಪರೂಪ. ಚಳಿಗಾಲ ಕಳೆದು, ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ, ಆಮೇಲೆ ಭರಣಿ, ಕೃತ್ತಿಕೆ... ಆಗ ಶುರುವಾಗುತ್ತದೆ ಸಿಡಿಲು. ನಡುವಿನ ಐದು ತಿಂಗಳು ದಾಮಿನಿಗೆ ಹೇಳಲು ಏನೂ ಇಲ್ಲ, ಕಾಕಾಗೆ ಅದನ್ನು ತೆರೆಯಲು ಕಾರಣವೂ ಇಲ್ಲ. ಆಂಡ್ರಾಯ್ಡ್ ಇದನ್ನು ಹೇಗೆ ನೋಡುತ್ತದೆ ಕೇಳಿ. 2018ರ ಆಂಡ್ರಾಯ್ಡ್ 9ರಿಂದ ಅದು ಆ್ಯಪ್‌ಗಳನ್ನು ಎಷ್ಟು ಬಳಸುತ್ತೀರಿ ಅನ್ನುವುದರ ಮೇಲೆ ಬುಟ್ಟಿಗಳಲ್ಲಿ ಹಾಕುತ್ತದೆ. ದಿನಾ ಬೇಕಾಗುವುದು ಒಂದು ಬುಟ್ಟಿ, ಆಗಾಗ ಬೇಕಾಗುವುದು ಇನ್ನೊಂದು, "ಅಪರೂಪ" ಅನ್ನುವುದು ಕೆಳಗಿನದು. ಕೆಳಗೆ ಹೋದಷ್ಟೂ ಹಿನ್ನೆಲೆಯಲ್ಲಿ ಕೆಲಸ ಮಾಡಲು ಅವಕಾಶ ಕಡಿಮೆ. 2021ರ ಆಂಡ್ರಾಯ್ಡ್ 12ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೆಲವು ತಿಂಗಳು ನೀವು ಬಳಸದ ಆ್ಯಪ್ ಅನ್ನು ಕರಡಿಯ ಹಾಗೆ ಚಳಿಗಾಲದ ನಿದ್ರೆಗೆ ಕಳಿಸುವ ಏರ್ಪಾಡು. ಕೊಟ್ಟ ಅನುಮತಿಗಳು ವಾಪಸ್, ಹಿನ್ನೆಲೆಯ ಕೆಲಸ ಬಂದ್, ತುರ್ತು ಎಂದು ಗುರುತು ಹಾಕಿ ಕಳಿಸಿದ ಸಂದೇಶ ಕೂಡ ಒಳಗೆ ಹೋಗುವುದಿಲ್ಲ. ನೀವಾಗಿ ವಿನಾಯಿತಿ ಕೊಡದಿದ್ದರೆ ಸಿಡಿಲಿನ ಆ್ಯಪ್‌ಗೂ ಇದೇ ಗತಿ.

ಅಂದರೆ ದೀಪಾವಳಿಗೆ ಹಾಕಿದ ಕಾವಲುಗಾರ ಯುಗಾದಿಯ ಹೊತ್ತಿಗೆ ನಿದ್ದೆ ಹೋಗಿರುತ್ತಾನೆ. ಅಶ್ವಿನಿಯ ಮೊದಲ ಗುಡುಗಿಗೆ ಅವನಿಗೆ ಎಚ್ಚರವೇ ಇಲ್ಲ! ಫೋನಿನ ಪ್ರಕಾರ ಬಳಸದ ವಸ್ತು ಬೇಡದ ವಸ್ತು. ನಮ್ಮ ರೈತನ ಮನೆಯಲ್ಲಿ ಬಿತ್ತುವ ಕೂರಿಗೆಯನ್ನು ವರ್ಷದಲ್ಲಿ ಎಷ್ಟು ದಿನ ಬಳಸುತ್ತಾರೆ ಸ್ವಾಮಿ? ಹತ್ತು ತಿಂಗಳು ಅಟ್ಟದ ಮೇಲೆ ಇರುತ್ತದೆ ಅಂತ ಒಲೆಗೆ ಹಾಕುತ್ತೀರಾ? ನಕ್ಷತ್ರ ನೋಡಿ ಬಾಳುವವರ ಕೈಗೆ, ದಿನಾ ನೂರು ಸಲ ಪರದೆ ನೋಡುವವರ ಲೆಕ್ಕದಲ್ಲಿ ಮಾಡಿದ ಯಂತ್ರ ಕೊಟ್ಟರೆ ಹೀಗೇ ಆಗುವುದು.

ಹಾಗೆ ನಿದ್ದೆಗೆ ಕಳಿಸಿದಾಗ ಆಂಡ್ರಾಯ್ಡ್ ಒಂದು ಸೂಚನೆ ಹಾಕುತ್ತದೆ, ನಿಜ. "ಬಳಸದ ಇಷ್ಟು ಆ್ಯಪ್‌ಗಳಿಂದ ಅನುಮತಿ ತೆಗೆಯಲಾಗಿದೆ" ಅನ್ನುವ ಧಾಟಿಯದು. ಸಾಲದ ಜಾಹೀರಾತು, ರಮ್ಮಿ ಆಟದ ಜಾಹೀರಾತು, ಗುಡ್ ಮಾರ್ನಿಂಗ್ ಹೂಗಳ ನಡುವೆ ಆ ಒಂದು ಸಾಲು ಕಾಕಾನ ಕಣ್ಣಿಗೆ ಬೀಳಬೇಕು, ಬಿದ್ದರೂ ಇದು ಸಿಡಿಲಿಗೆ ಸಂಬಂಧಿಸಿದ್ದು ಅಂತ ತಿಳಿಯಬೇಕು. ಇದಕ್ಕೆ ನೋಟಿಸು ಅನ್ನುವುದಾದರೆ ತಾಲೂಕು ಕಚೇರಿಯ ಹಿಂಬಾಗಿಲಿಗೆ ಅಂಟಿಸಿದ ಹರಾಜಿನ ಚೀಟಿಯೂ ನೋಟಿಸೇ! ಫೋನು ತಯಾರಕರ ಸ್ವಂತ ಕತ್ತರಿಗಳಲ್ಲಂತೂ ಎಷ್ಟೋ ಸಲ ಅಷ್ಟೂ ಇರುವುದಿಲ್ಲ.

*

ನಮ್ಮ ಬ್ಯಾಂಕುಗಳನ್ನು ಬೈಯದವರು ಯಾರಿದ್ದಾರೆ? ಬೈಯಿರಿ, ಬೇಡ ಅನ್ನುವುದಿಲ್ಲ. ಆದರೆ ನಿದ್ದೆಗೆ ಕಳಿಸುವ ವಿಷಯದಲ್ಲಿ ನಮಗಿರುವ ಕಟ್ಟುಪಾಡು ನೋಡಿ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗಿರಾಕಿ ತಾನಾಗಿ ಏನೂ ವ್ಯವಹಾರ ಮಾಡದಿದ್ದರೆ ಉಳಿತಾಯ ಖಾತೆ "ನಿಷ್ಕ್ರಿಯ" ಆಗುತ್ತದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಒಂದು ವರ್ಷ ವ್ಯವಹಾರ ಇಲ್ಲದಿರುವಾಗಲೇ ನಾವು ಖಾತೆದಾರನಿಗೆ ಪತ್ರ, ಇ-ಮೇಲ್ ಅಥವಾ ಎಸ್ಸೆಮ್ಮೆಸ್ ಮೂಲಕ ತಿಳಿಸಬೇಕು. ನಿಷ್ಕ್ರಿಯವಾದರೂ ಉಳಿತಾಯದ ಬಡ್ಡಿ ನಿಲ್ಲಿಸುವಂತಿಲ್ಲ. ಕನಿಷ್ಠ ಮೊತ್ತ ಇಲ್ಲ ಅಂತ ದಂಡ ಹಾಕುವಂತಿಲ್ಲ. ಮತ್ತೆ ಎಬ್ಬಿಸಲು ಒಂದು ಪೈಸೆ ಕೇಳುವಂತಿಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ವಿದ್ಯಾರ್ಥಿವೇತನ, ಸರ್ಕಾರಿ ಯೋಜನೆಗಳ ನೇರ ನಗದು, ಇಂಥವಕ್ಕಾಗಿ ತೆರೆದ ಖಾತೆಗಳನ್ನು ಬೇರೆಯಾಗಿ ಗುರುತಿಸಿ ಇಡಬೇಕು. ಅವುಗಳಲ್ಲಿ ಎರಡು ವರ್ಷ ಏನೂ ನಡೆಯದಿದ್ದರೂ ನಿಷ್ಕ್ರಿಯ ಅನ್ನುವ ಹಾಗಿಲ್ಲ. ಯಾಕೆ? ಆ ಖಾತೆಯ ಸ್ವಭಾವವೇ ಹಾಗೆ. ವರ್ಷಕ್ಕೊಮ್ಮೆ ಬರುವ ದುಡ್ಡಿಗೆ ಕಾದು ಕೂತಿರುವುದೇ ಅದರ ಕೆಲಸ.

ಒಂದು ರೂಪಾಯಿ ಬಾಕಿ ಇರುವ ಖಾತೆಗೆ ಇರುವ ಈ ಮರ್ಯಾದೆ ಜೀವ ಉಳಿಸುವ ಆ್ಯಪ್‌ಗೆ ಇಲ್ಲ. ಕಾಯುವುದೇ ಕೆಲಸವಾಗಿರುವ ಆ್ಯಪ್ ಬೇರೆ, ಬೇಡವಾದ ಆ್ಯಪ್ ಬೇರೆ ಅಂತ ಫೋನಿಗೆ ಯಾರೂ ಹೇಳಿಕೊಟ್ಟಿಲ್ಲ.

*

ಎದುರು ವಾದವನ್ನೂ ಕೇಳೋಣ, ಅದರಲ್ಲೂ ಹುರುಳಿದೆ. ಒಂದು ಕಾಲದಲ್ಲಿ ಆಂಡ್ರಾಯ್ಡ್ ಫೋನಿನ ಬ್ಯಾಟರಿ ರಾತ್ರಿ ಇಟ್ಟು ಬೆಳಿಗ್ಗೆ ನೋಡುವುದರೊಳಗೆ ಅರ್ಧ ಆಗಿರುತ್ತಿತ್ತು. ಟಾರ್ಚಿನ ಆ್ಯಪ್‌ಗೂ ರಾತ್ರಿಯಿಡೀ ಲೊಕೇಶನ್ ಬೇಕು, ಅಂಗಡಿಯ ಆ್ಯಪ್‌ಗೂ ಐದು ನಿಮಿಷಕ್ಕೊಮ್ಮೆ ಇಂಟರ್ನೆಟ್ ಬೇಕು. ಇದಕ್ಕೆ ಲಗಾಮು ಹಾಕಲು 2015ರ ಆಂಡ್ರಾಯ್ಡ್ 6ರಲ್ಲಿ, ಮುಟ್ಟದೆ ಇಟ್ಟ ಫೋನನ್ನು ತೂಕಡಿಸುವ ಹಾಗೆ ಮಾಡಿದರು. 2017ರ ಆಂಡ್ರಾಯ್ಡ್ 8ರಲ್ಲಿ ಹಿನ್ನೆಲೆಯ ಕೆಲಸಕ್ಕೇ ಮಿತಿ ಬಂತು. ಮರೆತುಹೋದ ಆ್ಯಪ್ ಒಂದು ನಮ್ಮ ಓಡಾಟ ನೋಡುತ್ತಾ ಕೂರದಿರಲಿ ಅಂತ ಅನುಮತಿ ವಾಪಸ್ ಪಡೆಯುವುದೂ ಒಳ್ಳೆಯದೇ. ಈ ಲಗಾಮು ಬೇಕಿತ್ತು. ಮುಚ್ಚುವ ಅಧಿಕಾರ ಫೋನಿಗೆ ಬೇಕೇ ಬೇಕು.

ಆದರೆ ಅಧಿಕಾರ ಇದ್ದಲ್ಲಿ ವಹಿ ಇರಬೇಕಲ್ಲವೇ? ಇಲ್ಲಿ ನಿಮಗೆ ಒಂದು ಸಂಗತಿ ಹೇಳಬೇಕು, ಇದು ಗೊತ್ತಾದ ದಿನ ನನಗೆ ಮೈ ಉರಿದುಹೋಯಿತು. ಆ ವಹಿ ಇದೆ! 2020ರ ಆಂಡ್ರಾಯ್ಡ್ 11ರಿಂದ ಪ್ರತಿ ಆ್ಯಪ್ ಯಾಕೆ ಸತ್ತಿತು ಅಂತ ಫೋನು ಬರೆದಿಡುತ್ತದೆ. ನೆನಪು ಸಾಲದೆ ಸತ್ತಿತೇ, ತಾನಾಗಿ ಕುಸಿದು ಬಿತ್ತೇ, ಬಳಕೆದಾರ ಮುಚ್ಚಿದನೇ, ಎಲ್ಲ ಕಾರಣದ ಸಮೇತ. ಆದರೆ ಅದನ್ನು ಓದಲು ಅವಕಾಶ ಇರುವುದು ಆ್ಯಪ್ ಮಾಡಿದವನಿಗೆ. ದುಡ್ಡು ಕೊಟ್ಟು ಫೋನು ಕೊಂಡ ಮಾಲೀಕನಿಗೆ ಸರಳವಾಗಿ ತೋರಿಸುವ ಒಂದು ಪುಟ ಸೆಟ್ಟಿಂಗ್‌ನಲ್ಲಿಲ್ಲ. ಪಾಸ್‌ಬುಕ್ ಪ್ರಿಂಟ್ ಮಾಡಿ ಖಾತೆದಾರನಿಗೆ ಕೊಡದೆ ಪಕ್ಕದ ಅಂಗಡಿಯವನಿಗೆ ಕೊಟ್ಟ ಹಾಗಾಯಿತು ಇದು.

"ಒಂದೊಂದು ಆ್ಯಪ್‌ಗೂ ವಿನಾಯಿತಿ ಕೊಡುತ್ತಾ ಕೂತರೆ ಆಗುತ್ತದೆಯೇ?" ಅನ್ನುತ್ತಾರೆ. ಬೇಕಾದಾಗ ಆಗುತ್ತದೆ. ಕೊರೊನಾ ಕಾಲ ನೆನಪಿಸಿಕೊಳ್ಳಿ. 2020ರ ಮಾರ್ಚಿನಲ್ಲಿ ಸಿಂಗಪುರ ಸರ್ಕಾರ ಸೋಂಕಿತರ ಸಂಪರ್ಕ ಪತ್ತೆಗೆ ಟ್ರೇಸ್‌ಟುಗೆದರ್ ಎಂಬ ಆ್ಯಪ್ ತಂದಿತು. ಐಫೋನಿನಲ್ಲಿ ಆ್ಯಪ್ ಹಿನ್ನೆಲೆಗೆ ಹೋದರೆ ಬ್ಲೂಟೂತ್ ಕೆಲಸ ಸರಿಯಾಗಿ ನಡೆಯುತ್ತಿರಲಿಲ್ಲ. ಆ್ಯಪ್ ತೆರೆದೇ ಇಟ್ಟುಕೊಳ್ಳಿ ಅಂತ ಜನರಿಗೆ ಹೇಳಬೇಕಾಯಿತು. ಒಂದು ದೇಶದ ಸರ್ಕಾರಕ್ಕೇ ಈ ಪಾಡು! ಏಪ್ರಿಲ್ 10ರಂದು ಆ್ಯಪಲ್ ಮತ್ತು ಗೂಗಲ್ ಸೇರಿ ಆರೋಗ್ಯ ಇಲಾಖೆಗಳ ಆ್ಯಪ್‌ಗಳಿಗೆಂದೇ ಹೊಸ ದಾರಿ ಮಾಡಿಕೊಡುತ್ತೇವೆ ಅಂದವು. ಮೇ 20ಕ್ಕೆ ದಾರಿ ತೆರೆಯಿತು. ನಲವತ್ತು ದಿನ! ಮನಸ್ಸು ಮಾಡಿದರೆ ಎಷ್ಟು ಹೊತ್ತಿನ ಕೆಲಸ ನೋಡಿ.

ನಮ್ಮ ಸರ್ಕಾರಕ್ಕೂ ಕೈ ಇಲ್ಲದಿಲ್ಲ. 2016ರಲ್ಲಿ ನಿಯಮ ಮಾಡಿ, 2017ರ ಜನವರಿ 1ರಿಂದ ಪ್ಯಾನಿಕ್ ಬಟನ್ ಇಲ್ಲದ ಮೊಬೈಲ್ ಮಾರುವಂತಿಲ್ಲ ಅಂದಿತ್ತು. 2023ರಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡು, "ಇದು ಪರೀಕ್ಷಾ ಸಂದೇಶ" ಅಂದದ್ದು ನೆನಪಿದೆಯಾ? ಅದು ಸೆಲ್ ಬ್ರಾಡ್‌ಕಾಸ್ಟ್. ಟವರಿನಿಂದ ನೇರವಾಗಿ ಫೋನಿನ ವ್ಯವಸ್ಥೆಗೇ ಬರುತ್ತದೆ, ನಡುವೆ ಕೊಲ್ಲಲು ಬೇರೆ ಆ್ಯಪ್ ಇಲ್ಲ. ಬಹಳ ಒಳ್ಳೆಯದು. ಪ್ರವಾಹಕ್ಕೆ, ಚಂಡಮಾರುತಕ್ಕೆ ಅದು ಸರಿ. ಆದರೆ ಅತ್ತೆಯ ರಕ್ತದೊತ್ತಡದ ಮಾತ್ರೆಯನ್ನು, ಮಧುಮೇಹದ ಮಗುವಿನ ಸಕ್ಕರೆ ಇಳಿದದ್ದನ್ನು ಟವರು ಹೇಳುವುದಿಲ್ಲ. ಅದಕ್ಕೆ ಆ್ಯಪ್ಪೇ ಬೇಕು, ಅದು ಎಚ್ಚರವಾಗಿಯೇ ಇರಬೇಕು.

ಆದ್ದರಿಂದ ಕೇಳಬೇಕಾದದ್ದು ಮೂರೇ. ಒಂದು, ಕಳೆದ ತಿಂಗಳು ಯಾವ ಆ್ಯಪ್ ಅನ್ನು ಯಾವಾಗ, ಯಾಕೆ ಮುಚ್ಚಿದಿರಿ ಅನ್ನುವ ವಹಿಯನ್ನು ಮಾಲೀಕನಿಗೆ ಅವನ ಭಾಷೆಯಲ್ಲಿ ತೋರಿಸ��ಿ. ಎರಡು, ನಿದ್ದೆಗೆ ಕಳಿಸುವ ಮುಂಚೆ ಆ್ಯಪ್‌ನ ಹೆಸರು ಹೇಳಿ ಕೇಳಲಿ. "ಸಿಡಿಲಿನ ಎಚ್ಚರಿಕೆ ಇನ್ನು ಮುಂದೆ ಬರುವುದಿಲ್ಲ, ಸರಿಯೇ?" ಅಂತ ಕೇಳಿದರೆ ಕಾಕಾ ಬೇಡ ಅನ್ನುತ್ತಾನೆ, ಅಷ್ಟು ತಿಳಿವಳಿಕೆ ಅವನಿಗಿದೆ. ಮೂರು, ಜೀವರಕ್ಷಣೆಯ ಆ್ಯಪ್‌ಗಳನ್ನು ವಿದ್ಯಾರ್ಥಿವೇತನದ ಖಾತೆಯ ಹಾಗೆ ಬೇರೆಯಾಗಿ ಗುರುತಿಸಲಿ. ಯಾವುದು ಆ ಪಟ್ಟಿಗೆ ಸೇರಬೇಕು ಅಂತ ಸರ್ಕಾರ ಮತ್ತು ತಜ್ಞರು ಕೂತು ನಿರ್ಧರಿಸಲಿ. ಹತ್ತು ಕಂಪನಿಗಳ ಹತ್ತು ಕತ್ತರಿಗೂ ಅದು ಒಂದೇ ಸಮನಾಗಿ ಅನ್ವಯವಾಗಲಿ.

ಅದು ಆಗುವವರೆಗೆ ಕಾಯುತ್ತಾ ಕೂರಬೇಡಿ. ಮುಂದಿನ ಸಲ ಊರಿಗೆ ಹೋದಾಗ ಆ್ಯಪ್ ಹಾಕಿಕೊಟ್ಟು ಎದ್ದು ಬರಬೇಡಿ, ಇನ್ನೂ ಐದು ನಿಮಿಷ ಕೂಡಿ. ಆ್ಯಪ್‌ನ ಗುರುತಿನ ಮೇಲೆ ಬೆರಳು ಒತ್ತಿ ಹಿಡಿದು ಆ್ಯಪ್ ಇನ್ಫೋಗೆ ಹೋಗಿ. ಬ್ಯಾಟರಿ ಅನ್ನುವಲ್ಲಿ ನಿರ್ಬಂಧ ಇಲ್ಲದ ಆಯ್ಕೆ ಆರಿಸಿ. ಬಳಸದಿದ್ದರೆ ಆ್ಯಪ್‌ನ ಕೆಲಸ ನಿಲ್ಲಿಸು ಅನ್ನುವ ಅರ್ಥದ ಒಂದು ಗುಂಡಿ ಇರುತ್ತದೆ, ಅದನ್ನು ಆರಿಸಿಡಿ. ಕೆಲವು ಫೋನುಗಳಲ್ಲಿ ಆಟೋಸ್ಟಾರ್ಟ್ ಅಂತ ಬೇರೆ ಇರುತ್ತದೆ, ಅದನ್ನು ಚಾಲೂ ಮಾಡಿ. ಎಲ್ಲಕ್ಕೂ ಮಾಡಬೇಡಿ ಮತ್ತೆ, ಬ್ಯಾಟರಿ ಮಧ್ಯಾಹ್ನಕ್ಕೇ ಕೈ ಎತ್ತುತ್ತದೆ. ಸಿಡಿಲು, ಮಾತ್ರೆ, ಆಸ್ಪತ್ರೆ ಇಂಥ ಒಂದೆರಡಕ್ಕೆ ಸಾಕು. ಹೆಬ್ಬೆರಳಿನಿಂದ ತಳ್ಳುವ ಚಟ ಬಿಡಿ ಅಂತಲೂ ಮನೆಯವರಿಗೆ ಹೇಳಿ. ಯುಗಾದಿಗೆ ಫೋನ್ ಮಾಡಿ ಹಬ್ಬದ ಶುಭಾಶಯ ಹೇಳುತ್ತೀರಲ್ಲ, ಆಗ "ಕಾಕಾ, ಆ ದಾಮಿನಿ ಒಮ್ಮೆ ತೆಗೆದು ನೋಡ್ರಿ" ಅಂತಲೂ ಹೇಳಿಬಿಡಿ. ಅಶ್ವಿನಿಗೆ ಇನ್ನೂ ಸಮಯ ಇರುತ್ತದೆ.